ಉಂಡ ಮನೆಯ ಮಾತು

ಮಗೂ, ಹೊರದೇಶಕ್ಕೆ ಹೊರಟು ನಿಂತ ಹುಡುಗ ಹುಡುಗಿಯರನ್ನು ಕಂಡಾಗಲೆಲ್ಲ ನಾನು ಕೇಳುವುದು ಒಂದೇ ಪ್ರಶ್ನೆ: ಅಲ್ಲಿಯ ಭಾಷೆ ಎಷ್ಟು ಕಲಿತೆ? ಸಂಬಳ ಎಷ್ಟೆಂದು ಗೊತ್ತಿರುತ್ತದೆ. ಬಾಡಿಗೆ ಎಷ್ಟೆಂದು ಗೊತ್ತಿರುತ್ತದೆ. ಇಂಡಿಯನ್ ಅಂಗಡಿ ಯಾವ ಬೀದಿಯಲ್ಲಿದೆ, ಅಲ್ಲಿ ಸೋನಾಮಸೂರಿ ಸಿಗುತ್ತದೋ ಇಲ್ಲವೋ, ಅದೂ ಗೊತ್ತಿರುತ್ತದೆ. ಭಾಷೆಯ ವಿಷಯ ತೆಗೆದ ಕೂಡಲೇ ‘ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತೆ ಅಜ್ಜಾ’ ಎಂಬ ಉತ್ತರ ನಾಲಗೆಯ ತುದಿಯಲ್ಲೇ ಇರುತ್ತದೆ. ನೀನೂ ಅದನ್ನೇ ಹೇಳುತ್ತೀಯ, ಬಲ್ಲೆ. ನೀನು ಚುರುಕು, ಅದಕ್ಕೇ ನಿನ್ನನ್ನು ಕೂರಿಸಿಕೊಂಡು ಮಾತಾಡುತ್ತಿದ್ದೇನೆ. ಆದರೆ ನಿನಗೆ ಅವಸರ ಜಾಸ್ತಿ. ವಿಮಾನ ಇಳಿದ ವಾರದಲ್ಲೇ ಆ ದೇಶ ನಿನ್ನದಾಗಿಬಿಡಬೇಕು, ತಿಂಗಳಲ್ಲಿ ಅದರ ಮೇಲೆ ಅಭಿಪ್ರಾಯ ಹೇಳಬೇಕು, ವರ್ಷದಲ್ಲಿ ಅದು ಬೇಸರವಾಗಿ ಬೇರೆ ದೇಶದ ಅರ್ಜಿ ತುಂಬಬೇಕು. ಸ್ವಲ್ಪ ತಡೆ.

ನಾನು ಬಾಳಿದ ಪರದೇಶ ವೇಲ್ಸ್. ‘ಇಂಗ್ಲೆಂಡಿನಲ್ಲಿ ಡಾಕ್ಟರಾಗಿದ್ದವರು’ ಎಂದು ನಮ್ಮೂರ ಜನ ನನ್ನನ್ನು ಪರಿಚಯ ಮಾಡಿಕೊಡುತ್ತಾರೆ. ನಾನು ಪ್ರತಿ ಸಲವೂ ತಿದ್ದುತ್ತೇನೆ. ಇಂಗ್ಲೆಂಡ್ ಅಲ್ಲ, ವೇಲ್ಸ್. ಬ್ರಿಟನ್ನಿನ ಪಶ್ಚಿಮಕ್ಕೆ ಒತ್ತಿಕೊಂಡಿರುವ ಪುಟ್ಟ ನಾಡು. ಜನ ಮೂವತ್ತು ಲಕ್ಷ ಚಿಲ್ಲರೆ, ಅಂದರೆ ಬೆಂಗಳೂರಿನ ಒಂದು ಮೂಲೆಯಷ್ಟು. ಅವರ ದೇಶಕ್ಕೆ ಅವರಿಟ್ಟ ಹೆಸರು ಕಮ್ರಿ, ಭಾಷೆಗೆ ಇಟ್ಟ ಹೆಸರು ಕಮ್ರಾಯ್ಗ್. ನಾವು ಇಂಗ್ಲಿಷಿನ ದಾರಿಯಲ್ಲಿ ಅದನ್ನು ವೆಲ್ಶ್ ಎಂದು ಕೇಳಿದ್ದೇವೆ. ಇಂಗ್ಲಿಷ್ ಹುಟ್ಟುವ ಮೊದಲೇ ಆ ದ್ವೀಪದಲ್ಲಿ ಆಡುತ್ತಿದ್ದ ಮಾತಿನ ಮೊಮ್ಮಗಳು ಅದು.

1948ರಲ್ಲಿ ಬ್ರಿಟನ್ನಿನಲ್ಲಿ ಸರ್ಕಾರಿ ಆರೋಗ್ಯ ಸೇವೆ ಶುರುವಾದ ಮೇಲೆ ನಮ್ಮ ಕಡೆಯ ಡಾಕ್ಟರುಗಳು ಗುಂಪು ಗುಂಪಾಗಿ ಅಲ್ಲಿಗೆ ಹೋದರು. ಅಲ್ಲಿಯವರೇ ಒಲ್ಲೆವೆಂದ ಜಾಗಗಳಿಗೆ ನಮ್ಮವರು ಹೋದರು. ದಕ್ಷಿಣ ವೇಲ್ಸಿನ ಕಲ್ಲಿದ್ದಲ ಕಣಿವೆಗಳಲ್ಲಿ, ಧೂಳು ತುಂಬಿದ ಎದೆಗಳಿಗೆ ಸ್ಟೆತಸ್ಕೋಪ್ ಇಟ್ಟವರಲ್ಲಿ ನಮ್ಮವರು ಎಷ್ಟೋ ಜನ. ನಾನು ಇದ್ದದ್ದು ಕಣಿವೆಯಲ್ಲಲ್ಲ, ಪಶ್ಚಿಮದ ಕಡಲ ಕಡೆಯ ಒಂದು ಊರಿನಲ್ಲಿ. ಹಿಂದೆ ಗುಡ್ಡ, ಗುಡ್ಡದ ಮೇಲೆ ಕುರಿ, ವರ್ಷದ ಮುಕ್ಕಾಲು ಪಾಲು ಜಿಟಿಜಿಟಿ ಮಳೆ. ಸಾಗರದ ಕಡೆಯವನಾದ ನನಗೆ ಮಳೆ ಹೊಸತಲ್ಲ. ಮಾತು ಹೊಸತು.

ವಾರ್ಡಿನ ಒಂದು ಸಂಗತಿ ಹೇಳುತ್ತೇನೆ, ಕೇಳು. ಗುಡ್ಡದ ಮೇಲಿನ ಕುರಿ ಸಾಕುವ ಮುದುಕರೊಬ್ಬರು ಹೊಟ್ಟೆನೋವೆಂದು ಬಂದು ಮಲಗಿದ್ದರು. ನಾನು ಇಂಗ್ಲಿಷಿನಲ್ಲಿ ಏನೇ ಕೇಳಲಿ, ‘ಅಂಥದ್ದೇನಿಲ್ಲ ಡಾಕ್ಟರೇ’ ಎಂಬ ಒಂದೇ ಉತ್ತರ. ಇಂಗ್ಲಿಷ್ ಅವರಿಗೆ ಚೆನ್ನಾಗಿಯೇ ಬರುತ್ತಿತ್ತು. ಸಂತೆಯಲ್ಲಿ ಕುರಿ ಮಾರಿದ್ದು, ಬ್ಯಾಂಕಿನಲ್ಲಿ ಸಾಲ ತೆಗೆದದ್ದು ಎಲ್ಲ ಅದೇ ಭಾಷೆಯಲ್ಲಿ. ಆದರೆ ರಾತ್ರಿ ಪಾಳಿಯ ನರ್ಸ್ ಮಂಚದ ಅಂಚಿನಲ್ಲಿ ಕೂತು ವೆಲ್ಶ್‌ನಲ್ಲಿ ಮಾತಾಡಿಸಿದಾಗ ಮಾತು ಹರಿಯಿತು. ನೋವು ಯಾವಾಗ ಶುರುವಾಯಿತು, ಊಟವಾದ ಮೇಲೋ ಮೊದಲೋ, ಹೆಂಡತಿ ತೀರಿಕೊಂಡ ಮೇಲೆ ಏನು ಬೇಯಿಸಿಕೊಂಡು ತಿನ್ನುತ್ತಿದ್ದಾರೆ, ಎಲ್ಲ ಹೊರಗೆ ಬಂತು. ಕೊನೆಯದ್ದೇ ನನಗೆ ಬೇಕಾದ ಮಾಹಿತಿ.

ಮಾರನೆಯ ದಿನ ಆ ನರ್ಸ್ ಹತ್ತಿರ ಒಂದು ವಾಕ್ಯ ಹೇಳಿಸಿಕೊಂಡು ಕಲಿತೆ. ‘ಬ್ಲೆ ಮೈರ್ ಬೊಯ್ನ್?’ ನೋವು ಎಲ್ಲಿದೆ? ಮುದುಕರ ಮುಖವನ್ನು ನೀನು ನೋಡಬೇಕಿತ್ತು. ನನ್ನ ಕೈ ಹಿಡಿದು, ಅವರೇ ನೋವಿನ ಜಾಗಕ್ಕೆ ಒಯ್ದು ಒತ್ತಿಸಿದರು. ಆಮೇಲೆ ಸರಾಗವಾಗಿ ಮಾತಾಡುತ್ತಾ ಹೋದರು. ನನಗೆ ಅದರಲ್ಲಿ ಕಾಲುಭಾಗವೂ ತಿಳಿಯಲಿಲ್ಲ. ಅವರಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ಅಂದಿನಿಂದ ನಾನು ಅವರಿಗೆ ‘ಡಾಕ್ಟರ್ ಬಾಖ್’ ಆದೆ. ಅಲ್ಲಿ ಹೆಸರಿನ ಕೊನೆಗೆ ಬಾಖ್ ಸೇರಿಸಿದರೆ ನಿನ್ನನ್ನು ಮನೆಯವನೆಂದು ಒಪ್ಪಿಕೊಂಡರು ಎಂದೇ ತಿಳಿ.

ಡಾಕ್ಟರಾಗಿ ಇನ್ನೊಂದು ಮಾತು ಹೇಳಬೇಕು. ಮರೆವಿನ ಕಾಯಿಲೆ ಹಿಡಿದವರನ್ನು ನೋಡು, ಲಕ್ವ ಹೊಡೆದ ಕೆಲವರನ್ನು ನೋಡು. ಎಷ್ಟೋ ಸಲ ಆಮೇಲೆ ಕಲಿತ ಭಾಷೆ ಮೊದಲು ಜಾರುತ್ತದೆ, ಅಮ್ಮನ ಭಾಷೆ ಉಳಿಯುತ್ತದೆ. ಅರವತ್ತು ವರ್ಷ ಇಂಗ್ಲಿಷಿನಲ್ಲಿ ವ್ಯವಹಾರ ಮಾಡಿದವರು ಕೊನೆಗೆ ನೀರು ಕೇಳುವುದು ವೆಲ್ಶ್‌ನಲ್ಲಿ. ‘ಎಲ್ಲರಿಗೂ ಇಂಗ್ಲಿಷ್ ಬರುತ್ತೆ’ ಎನ್ನುತ್ತೀಯಲ್ಲ, ಬರುತ್ತದೆ ನಿಜ, ಜೀವ ಗಟ್ಟಿಯಿರುವಾಗ ಬರುತ್ತದೆ.

ಹಾಗೆಂದು ನೀನು ಡಾಕ್ಟರಲ್ಲ, ಸಾಫ್ಟ್‌ವೇರ್ ಬರೆಯುವವನು, ಯಾರ ಹೊಟ್ಟೆಯನ್ನೂ ಒತ್ತಿ ನೋಡಬೇಕಿಲ್ಲ. ಆದರೂ ಕಲಿ. ಕಲಿಯಲು ನಾನು ಹೋಗುತ್ತಿದ್ದದ್ದು ಚಾಪೆಲ್ಲಿನ ಹಿಂಬದಿಯ ಕೋಣೆಯಲ್ಲಿ ನಡೆಯುತ್ತಿದ್ದ ಸಂಜೆ ತರಗತಿಗೆ. ಉದ್ದನೆಯ ಬೆಂಚು, ಗೋಡೆಗೆ ಒಂದು ಹೀಟರ್, ಮಧ್ಯದಲ್ಲಿ ಚಹಾ, ಬೆಣ್ಣೆ ಸವರಿದ ಬಾರಾ ಬ್ರಿತ್. ಬಾರಾ ಬ್ರಿತ್ ಅಂದರೆ ಒಣದ್ರಾಕ್ಷಿ ಹಾಕಿದ ಬ್ರೆಡ್ಡು. ಮೇಷ್ಟ್ರು ನಿವೃತ್ತ ಶಾಲಾ ಮಾಸ್ತರರು. ಕಲಿಯಲು ಬರುತ್ತಿದ್ದವರು ಪೋಸ್ಟ್‌ಮ್ಯಾನ್, ಇಂಗ್ಲೆಂಡಿನಿಂದ ಮದುವೆಯಾಗಿ ಬಂದ ಹೆಂಗಸರು, ಮನೆಯಲ್ಲಿ ಅಪ್ಪ ಅಮ್ಮ ವೆಲ್ಶ್ ಕಲಿಸದೇ ಬಿಟ್ಟ ಅಲ್ಲಿಯವರೇ ಕೆಲವರು. ಈ ಕೊನೆಯವರನ್ನು ನೋಡಿದರೆ ಹೊಟ್ಟೆ ಚುರ್ ಎನ್ನುತ್ತಿತ್ತು. ಅಜ್ಜಿಯ ಭಾಷೆಯನ್ನು ದುಡ್ಡು ಕೊಟ್ಟು, ಪುಸ್ತಕ ಹಿಡಿದು, ನಲವತ್ತು ದಾಟಿದ ಮೇಲೆ ಕಲಿಯಬೇಕು ಎಂದರೆ ಹೇಗಿರುತ್ತದೆ, ಯೋಚಿಸು. ನಿನಗೆ ಮಕ್ಕಳಾದಾಗ ಇದನ್ನು ನೆನಪಿಟ್ಟುಕೋ.

ಅಲ್ಲಿ ನನಗೆ ಕನ್ನಡ ಮಾಡಿದ ಉಪಕಾರ ದೊಡ್ಡದು. ವೆಲ್ಶ್ ಕಲಿಯುವವರನ್ನು ಓಡಿಸುವ ಒಂದು ನಿಯಮವಿದೆ: ಪದದ ಮೊದಲ ಅಕ್ಷರವೇ ಬದಲಾಗುತ್ತದೆ. ಕಮ್ರಿ ಎಂಬುದು ದೇಶದ ಹೆಸರು, ಆದರೆ ಗಡಿಯಲ್ಲಿ ನಿಂತ ಸ್ವಾಗತದ ಫಲಕದಲ್ಲಿ ಇರುವುದು ‘ಕ್ರೊಯ್ಸೊ ಇ ಗಮ್ರಿ’. ಅಪ್ಪ ‘ತಾದ್’, ಅವನ ಅಪ್ಪ ‘ಇ ದಾದ್’. ಸೇತುವೆ ‘ಪೊಂಟ್’, ಕೆಲವು ಊರ ಹೆಸರುಗಳಲ್ಲಿ ‘ಬೊಂಟ್’. ಇಂಗ್ಲೆಂಡಿನಿಂದ ಬಂದವರು ತಲೆ ಮೇಲೆ ಕೈ ಹೊತ್ತು ಕೂತರು. ನಿಘಂಟಿನಲ್ಲಿ ಪದವನ್ನು ಯಾವ ಅಕ್ಷರದಡಿ ಹುಡುಕುವುದು? ನನಗೆ ಏಳನೇ ಕ್ಲಾಸಿನ ಕನ್ನಡ ಮೇಷ್ಟ್ರು ಕಣ್ಣ ಮುಂದೆ ಬಂದು ನಿಂತರು. ಮಳೆ, ಕಾಲ, ಮಳೆಗಾಲ. ಬೆಟ್ಟ, ತಾವರೆ, ಬೆಟ್ಟದಾವರೆ. ಕಣ್, ಪನಿ, ಕಂಬನಿ. ಕ ತ ಪ ಹೋಗಿ ಗ ದ ಬ ಬಂದರೆ ಅದು ಆದೇಶ ಸಂಧಿ! ನಿಯಮ ಅನ್ವಯವಾಗುವ ಜಾಗ ಬೇರೆ, ಆದರೆ ಅಕ್ಷರ ಮೆತ್ತಗಾಗುವ ದಾರಿ ಅದೇ. ನಾನು ಕಲಿತ ಮೊದಲ ವಾಕ್ಯದಲ್ಲಿದ್ದ ‘ಬೊಯ್ನ್’ ಕೂಡ ಮೂಲದಲ್ಲಿ ‘ಪೊಯ್ನ್’. ಸಂಬಂಧವೇ ಇಲ್ಲದ ಎರಡು ಭಾಷೆಗಳು, ಸಾವಿರಾರು ಮೈಲಿ ದೂರ, ನಾಲಗೆಗೆ ಹಿತವಾದದ್ದನ್ನು ಎರಡೂ ಒಪ್ಪಿಕೊಂಡಿವೆ. ಅಂದು ಬೋರ್ಡಿನ ಮೇಲೆ ಕನ್ನಡ ಬರೆದು ತೋರಿಸಿದೆ. ಮೇಷ್ಟ್ರು ಆ ಅಕ್ಷರಗಳನ್ನು ಅಳಿಸಲು ಬಿಡಲಿಲ್ಲ, ಮುಂದಿನ ವಾರದವರೆಗೂ ಹಾಗೇ ಇಟ್ಟಿದ್ದರು.

ಅದಕ್ಕೇ ಹೇಳುತ್ತೇನೆ, ಹೊಸ ಭಾಷೆ ಕಲಿತರೆ ಕನ್ನಡ ಸವೆದುಹೋಗುತ್ತದೆ ಎಂದು ಹೆದರಬೇಡ. ಶಾಲೆಯಲ್ಲಿ ಉರು ಹೊಡೆದು ಪರೀಕ್ಷೆ ಬರೆದು ಮರೆತಿದ್ದ ವ್ಯಾಕರಣದ ಮೇಲೆ ನನಗೆ ಪ್ರೀತಿ ಹುಟ್ಟಿದ್ದೇ ಅಲ್ಲಿ.

ಇನ್ನು ನೀನು ಮಾಡುವ ಇನ್ನೊಂದು ಅವಸರದ ಕೆಲಸ. ದೇಶದ ಚೆಲುವನ್ನು ಮಾತ್ರ ಪ್ರೀತಿಸುವುದು. ಕೋಟೆ, ಕಡಲು, ಹಸಿರು, ಮೊಬೈಲಿನಲ್ಲಿ ನೂರು ಫೋಟೊ. ಚೆಲುವು ಯಾರಿಗೂ ಕಾಣುತ್ತದೆ ಮಗೂ, ಟೂರಿಸ್ಟ್ ಬಸ್ಸಿನಲ್ಲಿ ಬಂದು ಹೋಗುವವರಿಗೂ ಕಾಣುತ್ತದೆ. ಅಲ್ಲಿ ಬಾಳುವವನು ಅವರ ಗಾಯ ಎಲ್ಲಿದೆ ಎಂದು ತಿಳಿಯಬೇಕು. ಅದನ್ನು ಅವರು ಇಂಗ್ಲಿಷಿನಲ್ಲಿ ನಿನಗೆ ಹೇಳುವುದಿಲ್ಲ.

19ನೇ ಶತಮಾನದಲ್ಲಿ ಅಲ್ಲಿಯ ಎಷ್ಟೋ ಶಾಲೆಗಳಲ್ಲಿ ಒಂದು ಮರದ ತುಂಡು ಇರುತ್ತಿತ್ತು. ವೆಲ್ಶ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಅದನ್ನು ಕಟ್ಟುತ್ತಿದ್ದರು. ಆ ಮಗು ಇನ್ನೊಬ್ಬರು ವೆಲ್ಶ್ ಆಡುವುದನ್ನು ಕೇಳಿ ಹಿಡಿದುಕೊಟ್ಟರೆ ತುಂಡು ಅವರ ಕೊರಳಿಗೆ. ಸಂಜೆ ಗಂಟೆ ಹೊಡೆಯುವಾಗ ಯಾರ ಕೊರಳಲ್ಲಿದೆಯೋ ಅವರಿಗೆ ಬೆತ್ತದ ಏಟು. ಮಕ್ಕಳನ್ನು ಮಕ್ಕಳ ಮೇಲೇ ಕಾವಲು ಹಾಕಿದ ಈ ಕ್ರೌರ್ಯ ಓದಿದಾಗ ನನ್ನ ರಕ್ತ ಕುದಿಯಿತು. 1847ರಲ್ಲಿ ಸರ್ಕಾರ ಅಲ್ಲಿಯ ಶಾಲೆಗಳ ಬಗ್ಗೆ ವರದಿ ತರಿಸಿತು. ವರದಿ ಬರೆದ ಮೂವರು ಕಮಿಷನರುಗಳಿಗೂ ವೆಲ್ಶ್ ಬರುತ್ತಿರಲಿಲ್ಲ. ಜನ ದಡ್ಡರು, ನೀತಿಗೆಟ್ಟವರು, ಅದಕ್ಕೆಲ್ಲ ಭಾಷೆಯೂ ಕಾರಣ ಎಂದು ಬರೆದರು. ಆ ಪುಸ್ತಕಗಳ ಹೊದಿಕೆ ನೀಲಿ, ಅದಕ್ಕೇ ಇವತ್ತಿಗೂ ಅದನ್ನು ‘ನೀಲಿ ಪುಸ್ತಕಗಳ ದ್ರೋಹ’ ಎನ್ನುತ್ತಾರೆ. ನಮ್ಮಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡ ಎನ್ನುವ ಶಾಲೆಗಳ ಸುದ್ದಿ ಕೇಳಿದಾಗಲೆಲ್ಲ ಆ ಮರದ ತುಂಡು ನನಗೆ ನೆನಪಾಗುತ್ತದೆ. ನೀನು ಓದಿದ ಶಾಲೆಯಲ್ಲಿ ಹೇಗಿತ್ತು, ನೀನೇ ಬಲ್ಲೆ.

ಆದರೆ ನನ್ನನ್ನು ಆ ನಾಡಿಗೆ ಕಟ್ಟಿಹಾಕಿದ್ದು ಬೇರೊಂದು. ಅಬರಿಸ್ಟ್‌ವಿತ್ ಊರಿನಿಂದ ಕಡಲ ಬದಿಯಲ್ಲಿ ದಕ್ಷಿಣಕ್ಕೆ ಹೋಗುವ ಹೆದ್ದಾರಿಯ ಪಕ್ಕ ಒಂದು ಪಾಳುಗೋಡೆ ಇದೆ. ಮೇಲೆ ಎರಡೇ ಪದ: ‘ಕೊವ್ಯುಖ್ ಡ್ರವೆರಿನ್’. ಟ್ರವೆರಿನ್ ಕಣಿವೆಯನ್ನು ನೆನೆಯಿರಿ. ನೋಡು, ಅಲ್ಲೂ ಮೊದಲ ಅಕ್ಷರ ಮೆತ್ತಗಾಗಿದೆ. ಉತ್ತರ ವೇಲ್ಸಿನ ಆ ಕಣಿವೆಯಲ್ಲಿ ಕಾಪೆಲ್ ಕೆಲಿನ್ ಎಂಬ ಊರಿತ್ತು. ಶಾಲೆ, ಚಾಪೆಲ್, ಅಂಚೆ ಕಚೇರಿ, ಸುತ್ತ ಹೊಲಮನೆಗಳು, ಎಲ್ಲರೂ ವೆಲ್ಶ್ ಆಡುವವರು. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕಿತ್ತು. 1957ರಲ್ಲಿ ಲಂಡನ್ನಿನ ಪಾರ್ಲಿಮೆಂಟು ಮಸೂದೆ ಪಾಸು ಮಾಡಿತು. ವೇಲ್ಸಿನ ಸಂಸದರಲ್ಲಿ ಒಬ್ಬರೂ ಅದರ ಪರವಾಗಿ ಮತ ಹಾಕಲಿಲ್ಲ, ಆದರೂ ಪಾಸಾಯಿತು. 1965ರಲ್ಲಿ ಊರು ನೀರಿನಡಿ ಹೋಯಿತು. ಕ್ಷಮೆ ಕೇಳಲು ಲಿವರ್‌ಪೂಲಿನ ನಗರಸಭೆಗೆ 2005 ಬರಬೇಕಾಯಿತು.

ಮಗೂ, ನಮ್ಮ ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟು ಬಿದ್ದದ್ದು 1964ರಲ್ಲಿ. ನನ್ನ ಅಮ್ಮನ ತವರು ಅದರ ಹಿನ್ನೀರಿನಲ್ಲಿದೆ. ಅಡಿಕೆ ತೋಟ, ಮನೆ, ದೇವರ ಗುಡಿ, ದನ ಕಟ್ಟುತ್ತಿದ್ದ ಕೊಟ್ಟಿಗೆ ಎಲ್ಲ. ‘ಮುಳುಗಡೆಯವರು’ ಎಂಬ ಹೆಸರು ಹೊತ್ತು ಶಿವಮೊಗ್ಗದ ಸುತ್ತಮುತ್ತ ಚದುರಿಹೋದ ಜನ ನಮ್ಮವರು. ಆ ಗೋಡೆಯ ಮುಂದೆ ಕಾರು ನಿಲ್ಲಿಸಿ ನಿಂತಾಗ ಅದನ್ನು ನನಗೆ ಯಾರೂ ವಿವರಿಸಬೇಕಾಗಲಿಲ್ಲ. ವ್ಯತ್ಯಾಸ ಇದೆ, ಅದನ್ನೂ ಹೇಳಬೇಕು. ಶರಾವತಿಯ ಕರೆಂಟು ನಮ್ಮ ನಾಡನ್ನೇ ಬೆಳಗಿತು, ತೀರ್ಮಾನ ಮಾಡಿದವರೂ ನಮ್ಮವರೇ. ಟ್ರವೆರಿನ್ ನೀರು ಗಡಿ ದಾಟಿ ಹೋಯಿತು, ತೀರ್ಮಾನವೂ ಗಡಿಯಾಚೆಯದು. ಅಲ್ಲಿಯವರ ಸಿಟ್ಟು ಅದಕ್ಕೇ ಆರದೆ ಉಳಿದಿದೆ. ಆ ಗೋಡೆಯನ್ನು ಕಿಡಿಗೇಡಿಗಳು ಎಷ್ಟು ಸಲ ಕೆಡಿಸಿದ್ದಾರೋ ಅಷ್ಟು ಸಲ ಊರವರು ಬಣ್ಣ ಹಿಡಿದು ಬಂದು ಮತ್ತೆ ಬರೆದಿದ್ದಾರೆ. ತರಗತಿಯಲ್ಲಿ ಒಂದು ಸಂಜೆ ನಮ್ಮ ಮುಳುಗಡೆಯ ಕಥೆಯನ್ನು ನನಗೆ ಬರುವಷ್ಟು ವೆಲ್ಶ್‌ನಲ್ಲೇ ಹೇಳಿದೆ. ಆಮೇಲೆ ಅವರು ನನ್ನನ್ನು ಹೊರಗಿನವನೆಂದು ನೋಡಿದ್ದು ನಾನು ಕಾಣೆ.

ಅವರು ಅಳುತ್ತ ಕೂತವರಲ್ಲ, ಅದನ್ನೂ ತಿಳಿದುಕೋ. 1962ರಲ್ಲಿ ಸಾಂಡರ್ಸ್ ಲೂಯಿಸ್ ಎಂಬ ನಾಟಕಕಾರ ರೇಡಿಯೊದಲ್ಲಿ ಒಂದು ಉಪನ್ಯಾಸ ಕೊಟ್ಟರು. ಹೀಗೇ ಹೋದರೆ 21ನೇ ಶತಮಾನ ಹುಟ್ಟುವ ಹೊತ್ತಿಗೆ ಭಾಷೆ ಇರುವುದಿಲ್ಲ ಎಂದು ನೇರವಾಗಿ ಹೇಳಿದರು. ಅದೇ ವರ್ಷ ಹುಡುಗರು ಭಾಷೆಗಾಗಿ ಸಂಘ ಕಟ್ಟಿದರು. 1963ರ ಚಳಿಗಾಲದಲ್ಲಿ ಅಬರಿಸ್ಟ್‌ವಿತ್‌ನ ಟ್ರೆವೆಖನ್ ಸೇತುವೆಯ ಮೇಲೆ ಕೂತು ಸಂಚಾರ ತಡೆದರು. ಕೇಳಿದ್ದೇನು? ಕೋರ್ಟಿನ ಸಮನ್ಸು ನಮ್ಮ ಭಾಷೆಯಲ್ಲಿ ಕೊಡಿ, ಅಷ್ಟೇ. ಆಮೇಲೆ ಇಂಗ್ಲಿಷಿನಲ್ಲಿ ಮಾತ್ರ ಇದ್ದ ರಸ್ತೆ ಫಲಕಗಳಿಗೆ ಹಸಿರು ಬಣ್ಣ ಬಳಿದರು, ಜೈಲಿಗೆ ಹೋದರು. 1980ರಲ್ಲಿ ಗ್ವಿನ್‌ವೊರ್ ಎವನ್ಸ್ ಎಂಬ ಹಿರಿಯ ರಾಜಕಾರಣಿ, ವೆಲ್ಶ್ ಟಿವಿ ಚಾನೆಲ್ ಕೊಡುತ್ತೇವೆಂದು ಕೊಟ್ಟ ಮಾತನ್ನು ಸರ್ಕಾರ ಉಳಿಸಿಕೊಳ್ಳದಿದ್ದರೆ ಸಾಯುವವರೆಗೆ ಉಪವಾಸ ಕೂರುತ್ತೇನೆ ಎಂದರು. ಮಾರ್ಗರೆಟ್ ಥ್ಯಾಚರ್ ಸರ್ಕಾರ ಹಿಂದೆ ಸರಿಯಿತು. 1982ರ ನವೆಂಬರ್ 1ರಂದು ಆ ಚಾನೆಲ್ ಶುರುವಾಯಿತು. ನವೆಂಬರ್ 1! ಅದೇ ವರ್ಷ ನಮ್ಮಲ್ಲಿ ಗೋಕಾಕ್ ವರದಿಗಾಗಿ ಬೀದಿಗಳು ತುಂಬಿದ್ದವು. ಊರಿಂದ ಬಂದ ಪತ್ರದಲ್ಲಿ ರಾಜ್‌ಕುಮಾರ್ ಭಾಷಣದ ಸುದ್ದಿ ಓದುತ್ತ, ಪಕ್ಕದ ಮನೆಯಲ್ಲಿ ಹೊಸ ಚಾನೆಲ್ಲಿನ ಸಂಭ್ರಮ ನೋಡುತ್ತ ಎರಡೂ ಕಡೆಗೆ ನನ್ನ ಎದೆ ಉಬ್ಬಿತ್ತು.

ಹೋರಾಟಕ್ಕಿಂತ ಕಷ್ಟದ್ದು ಕಟ್ಟುವ ಕೆಲಸ. ಕಾರ್ಲ್ ಕ್ಲೌಸ್ ಎಂಬ ಡಾಕ್ಟರು ಮ್ಯಾಂಚೆಸ್ಟರಿನಲ್ಲಿ ಬೆಳೆದವರು. ಉತ್ತರ ವೇಲ್ಸಿನ ಒಂದು ಹಳ್ಳಿಗೆ ವೈದ್ಯರಾಗಿ ಬಂದರು. ಕಲ್ಲುಕ್ವಾರಿ ಮುಚ್ಚಿ ಜನ ಬಿಟ್ಟುಹೋಗಿದ್ದ ಕಡಲ ದಂಡೆಯ ಒಂದು ಪಾಳು ಊರನ್ನು, ನಾಂಟ್ ಗುರ್ಥೆಯರ್ನ್ ಅದರ ಹೆಸರು, 1978ರಲ್ಲಿ ಟ್ರಸ್ಟ್ ಮಾಡಿ ಕೊಳ್ಳಿಸಿದರು. ಅಲ್ಲಿ ಇವತ್ತು ದೊಡ್ಡವರು ಉಳಿದುಕೊಂಡು ವೆಲ್ಶ್ ಕಲಿಯುತ್ತಾರೆ. ಊರಿಗೆ ಕೆಲಸವೂ ಬಂತು, ಭಾಷೆಗೆ ಜನವೂ ಬಂದರು. ಘೋಷಣೆ ಕೂಗಿ ಮನೆಗೆ ಹೋಗುವವರಿಗಿಂತ ಇಂಥವರ ಮೇಲೆ ನನಗೆ ಹೆಚ್ಚು ಗೌರವ.

2021ರ ಜನಗಣತಿಯಲ್ಲಿ ವೆಲ್ಶ್ ಬರುತ್ತದೆ ಎಂದವರು 5,38,000 ಜನ, ನೂರಕ್ಕೆ 17.8. 2050ರ ಹೊತ್ತಿಗೆ ಹತ್ತು ಲಕ್ಷ ಮಾಡಬೇಕು ಎಂದು ಅಲ್ಲಿಯ ಸರ್ಕಾರ ಗುರಿ ಇಟ್ಟುಕೊಂಡಿದೆ. ನಮ್ಮ ತುಳುವಿಗೆ 2011ರ ಗಣತಿಯಲ್ಲೇ 18 ಲಕ್ಷಕ್ಕೂ ಹೆಚ್ಚು ಜನ ಇದ್ದರು, ಅಂದರೆ ವೆಲ್ಶ್‌ಗಿಂತ ಮೂರು ಪಟ್ಟು. ತುಳುವಿಗೆ ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಇನ್ನೂ ಜಾಗ ಸಿಕ್ಕಿಲ್ಲ. ವೆಲ್ಶ್‌ಗೆ ಸ್ವಂತ ಟಿವಿ ಇದೆ, ಕೋರ್ಟಿನಲ್ಲಿ ಹಕ್ಕಿದೆ, ಆ ಮಾಧ್ಯಮದ ಶಾಲೆಗಳಿವೆ. ಪರನಾಡನ್ನು ಪ್ರೀತಿಸಿದವನಿಗೆ ತನ್ನ ಮನೆಯ ಚಿಕ್ಕ ಭಾಷೆಗಳು ಕಾಣತೊಡಗುತ್ತವೆ. ಕೊಡವ, ಬ್ಯಾರಿ, ಕೊರಗ ಎಂದು ಮೊದಲು ಹೆಸರಷ್ಟೇ ಗೊತ್ತಿದ್ದವನು ನಾನು, ಅವುಗಳನ್ನು ಕಿವಿಗೊಟ್ಟು ಕೇಳಿದ್ದು ವೇಲ್ಸಿನಿಂದ ಬಂದ ಮೇಲೆ.

ಅವರ ಐಸ್ತೆದ್‌ವೊಡ್ ಬಗ್ಗೆ ಹೇಳದಿದ್ದರೆ ಅರ್ಧ ಹೇಳಿದ ಹಾಗೆ. ನಮ್ಮ ಸಾಹಿತ್ಯ ಸಮ್ಮೇಳನ ಊರೂರು ಸುತ್ತುವಂತೆ ಅದೂ ಪ್ರತಿ ಆಗಸ್ಟಿನಲ್ಲಿ ಒಂದು ವರ್ಷ ಉತ್ತರಕ್ಕೆ, ಒಂದು ವರ್ಷ ದಕ್ಷಿಣಕ್ಕೆ ಹೋಗುತ್ತದೆ. ವೇದಿಕೆಯ ಮೇಲೆ ವೆಲ್ಶ್ ಬಿಟ್ಟು ಬೇರೆ ಮಾತಿಲ್ಲ. ಛಂದಸ್ಸಿನ ಬಿಗಿ ನಿಯಮದಲ್ಲಿ ಬರೆದ ಕವಿತೆಗೆ ಬಹುಮಾನ ಒಂದು ಕುರ್ಚಿ, ಬಡಗಿ ಹೊಸದಾಗಿ ಕೆತ್ತಿದ ಮರದ ಕುರ್ಚಿ. ಗೆದ್ದವರ ಗುಪ್ತನಾಮವನ್ನು ಕೂಗಿ, ಕಹಳೆ ಊದಿ, ಎದ್ದು ನಿಲ್ಲಿ ಎನ್ನುತ್ತಾರೆ. ಅಲ್ಲಿಯವರೆಗೆ ಅದು ಯಾರೆಂದು ಸಭೆಗೆ ಗೊತ್ತಿರುವುದಿಲ್ಲ. ಕವಿಯ ತಲೆಯ ಮೇಲೆ ದೊಡ್ಡ ಕತ್ತಿಯನ್ನು ಒರೆಯಿಂದ ಅರ್ಧ ಎಳೆದು ‘ಶಾಂತಿ ಇದೆಯೇ?’ ಎಂದು ಮೂರು ಸಲ ಕೇಳುತ್ತಾರೆ. ಸಭೆ ಮೂರು ಸಲವೂ ‘ಶಾಂತಿ’ ಎಂದ ಮೇಲೆಯೇ ಕತ್ತಿ ಒರೆಗೆ ಹೋಗುತ್ತದೆ, ಕವಿ ಕುರ್ಚಿಯಲ್ಲಿ ಕೂರುತ್ತಾನೆ. 1917ರಲ್ಲಿ ಹಾಗೆ ಕೂಗಿದಾಗ ಯಾರೂ ಎದ್ದು ನಿಲ್ಲಲಿಲ್ಲ. ಗೆದ್ದವನು ಹೆದ್ ವಿನ್ ಎಂಬ ಕಾವ್ಯನಾಮದ ಕುರಿ ಕಾಯುವ ತರುಣ, ಕೆಲವೇ ವಾರಗಳ ಹಿಂದೆ, ಜುಲೈ 31ರಂದು, ಬೆಲ್ಜಿಯಮ್ಮಿನ ಯುದ್ಧಭೂಮಿಯಲ್ಲಿ ಸತ್ತಿದ್ದ. ಕುರ್ಚಿಗೆ ಕಪ್ಪು ಬಟ್ಟೆ ಹೊದಿಸಿದರು. ಅವನು ಬೆಳೆದ ಟ್ರಾಸ್‌ವನಿದ್ ಊರಿನ ಹೊಲಮನೆಯಲ್ಲಿ ಆ ಕುರ್ಚಿಯನ್ನು ಇಂದಿಗೂ ನೋಡಬಹುದು. ಒಂದು ಭಾಷೆ ತನ್ನ ಕವಿಯನ್ನು ಇಷ್ಟು ಎತ್ತರದಲ್ಲಿ ಕೂರಿಸುವುದನ್ನು ಕಂಡು ನಾನು ಬೆರಗಾದೆ. ಬೆರಗು ಇನ್ನೂ ಇಳಿದಿಲ್ಲ.

ಈಗ ವಾಪಸು ಬಂದ ಮೇಲಿನ ಮಾತು. ನೀನು ಒಂದು ದಿನ ಬರುತ್ತೀಯ, ರಜಕ್ಕೋ ಪೂರ್ತಿಯಾಗಿಯೋ. ಆಗ ‘ಅಲ್ಲಿ ರಸ್ತೆ ಹೀಗಿತ್ತು, ಅಲ್ಲಿ ಜನ ಕ್ಯೂ ನಿಲ್ಲುತ್ತಿದ್ದರು’ ಎಂದು ಅತ್ತೆ, ಚಿಕ್ಕಪ್ಪಂದಿರ ಮುಂದೆ ಶುರು ಮಾಡಬೇಡ. ಪರನಾಡಿನ ಪ್ರೀತಿಯನ್ನು ಹುಟ್ಟೂರಿಗೆ ಹೊಡೆಯುವ ಬೆತ್ತ ಮಾಡಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರಿಗೆ ಎರಡು ಕಡೆಯೂ ಮನೆಯಿಲ್ಲ. ಅಲ್ಲಿದ್ದಾಗ ಊರಿನ ಹಪ್ಪಳಕ್ಕೆ ಕೊರಗು, ಇಲ್ಲಿ ಬಂದ ಮೇಲೆ ಅಲ್ಲಿಯ ಚೀಸಿಗೆ ಕೊರಗು. ಪ್ರೀತಿ ಇದ್ದರೆ ಕೆಲಸದಲ್ಲಿ ತೋರಿಸು. ನಮ್ಮ ಕಿಟೆಲ್ಲರನ್ನು ನೋಡು. ಜರ್ಮನಿಯಿಂದ ಬಂದ ಪಾದ್ರಿ, ಧಾರವಾಡ ಮಂಗಳೂರುಗಳಲ್ಲಿ ಬಾಳಿದರು, 1894ರಲ್ಲಿ ಕನ್ನಡ ಇಂಗ್ಲಿಷ್ ನಿಘಂಟು ಕೊಟ್ಟರು. ನಾವು ಇವತ್ತಿಗೂ ಆ ಪುಟಗಳನ್ನು ತಿರುವುತ್ತೇವೆ. ವೇಲ್ಸಿನಿಂದ ಹೊರಟ ಥಾಮಸ್ ಜೋನ್ಸ್ 1841ರಲ್ಲಿ ಚಿರಾಪುಂಜಿಗೆ ಬಂದು ಖಾಸಿ ಭಾಷೆಗೆ ರೋಮನ್ ಲಿಪಿಯಲ್ಲಿ ಬರವಣಿಗೆ ಕೂರಿಸಿದರು, ಅದೂ ವೆಲ್ಶ್ ಕಾಗುಣಿತದ ರೀತಿಯಲ್ಲಿ. ಇವರಿಬ್ಬರೂ ಧರ್ಮ ಹರಡಲು ಬಂದವರು, ಅದು ಬೇರೆ ಮಾತು, ಅದರ ಬಗ್ಗೆ ನಿನ್ನ ಅಭಿಪ್ರಾಯ ಏನಾದರೂ ಇರಲಿ. ಉಂಡ ಮನೆಯ ಮಾತಿಗೆ ಇವರು ದುಡಿದರು, ಅದನ್ನು ನಾನು ಮರೆಯಲಾರೆ.

ನೀನು ನಿಘಂಟು ಬರೆಯಬೇಕಿಲ್ಲ. ಭಾಷೆ ಜಂಗು ಹಿಡಿಯದಂತೆ ನೋಡಿಕೊಂಡರೆ ಸಾಕು. ವೆಲ್ಶ್ ಭಾಷೆಯ ರೇಡಿಯೊ 1977ರಲ್ಲಿ ಶುರುವಾಯಿತು, ಈಗ ಫೋನಿನಲ್ಲೇ ಬರುತ್ತದೆ. ನಾನು ಮಧ್ಯಾಹ್ನದ ಊಟವಾದ ಮೇಲೆ ಹಚ್ಚುತ್ತೇನೆ. ಅಲ್ಲಿ ಬೆಳಗಾಗಿರುತ್ತದೆ, ಹಾಡೋ ಹರಟೆಯೋ ಏನೋ ಬರುತ್ತಿರುತ್ತದೆ. ಮನೆಯವರಿಗೆ ಅದು ಗಲಾಟೆ. ನನಗೆ ಅದು ಆ ದಿನದ ಪಾಠ.

ಕೊನೆಯದೊಂದು ಖಾರದ ಮಾತು, ಬೇಜಾರಾಗಬೇಡ. ಬೆಂಗಳೂರಿಗೆ ಬಂದು ಹತ್ತು ವರ್ಷವಾದರೂ ಕನ್ನಡ ಕಲಿಯದವರ ಮೇಲೆ ನಿನಗೆ ಸಿಟ್ಟು ಬರುತ್ತದೆ. ಬರಬೇಕು, ನನಗೂ ಬರುತ್ತದೆ. ಹಾಗಾದರೆ ಹೆಲ್ಸಿಂಕಿಯಲ್ಲೋ, ಬರ್ಲಿನ್ನಿನಲ್ಲೋ ನೀನು ಏನಾಗಿರುತ್ತೀಯ? ಅಲ್ಲಿಯ ತರಕಾರಿ ಮಾರುವವಳು, ಬಸ್ ಓಡಿಸುವವನು, ಪಕ್ಕದ ಮನೆಯ ಮುದುಕಿ ನಿನ್ನನ್ನು ನೋಡಿ ಅಂದುಕೊಳ್ಳುವುದೂ ಅದನ್ನೇ. ಅವರು ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೇ.

ಹೋಗುವ ಮೊದಲು ಎರಡು ವಾಕ್ಯ ಬಾಯಿಪಾಠ ಮಾಡಿಕೋ, ನೀನು ಹೋಗುವ ದೇಶದ ಭಾಷೆಯಲ್ಲಿ. ಒಂದು, ‘ನಾನು ಕಲಿಯುತ್ತಿದ್ದೇನೆ’. ಇನ್ನೊಂದು, ‘ಸ್ವಲ್ಪ ನಿಧಾನ ಹೇಳಿ’. ವೆಲ್ಶ್‌ನಲ್ಲಾದರೆ ‘ದು ಈನ್ ದಸ್ಗಿ ಕಮ್ರಾಯ್ಗ್’, ‘ಶರಾದುಖ್ ಅನ್ ಅರಾವ್’. ನೀನು ತಡವರಿಸಿದ ಕೂಡಲೇ ಅವರು ಇಂಗ್ಲಿಷಿಗೆ ತಿರುಗುತ್ತಾರೆ. ನಾವೂ ಮಾಡುವುದು ಅದನ್ನೇ ತಾನೇ, ಎದುರಿನವರು ಕನ್ನಡದಲ್ಲಿ ತೊದಲಿದರೆ ಹಿಂದಿಗೆ ಹಾರುತ್ತೇವೆ. ಅದು ಅವರ ಮರ್ಯಾದೆ, ನಿನ್ನನ್ನು ದೂರ ಇಡಲು ಅಲ್ಲ. ಅವರು ತಿರುಗಿದರೂ ನೀನು ತಿರುಗಬೇಡ. ನಗುತ್ತಲೇ ಮತ್ತೆ ಅವರ ಮಾತಿನಲ್ಲೇ ಕೇಳು. ಮೂರನೇ ಸಲಕ್ಕೆ ಅಂಗಡಿಯವನು ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, ಎದುರು ಬಂದು ನಿಂತು, ಒಂದೊಂದೇ ಪದ ಬಿಡಿಸಿ ಹೇಳಲು ಶುರು ಮಾಡುತ್ತಾನೆ. ಹಾಗೆ ನಿಂತವರ ಹತ್ತಿರ ಆಲೂಗಡ್ಡೆಯ ಹೆಸರಿನಿಂದ ಶುರು ಮಾಡು.